ಮಾತಿನ ನಟ ಮತ್ತು ಮೂಕ ಪರದೆ: ಗುಬ್ಬಿ ವೀರಣ್ಣನವರ ಹಾಸ್ಯಕಲೆ

ಗುಬ್ಬಿ ವೀರಣ್ಣನವರ ಹೆಸರು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಮೂರು ಕಾರಣಗಳಿಗಾಗಿ ಉಲ್ಲೇಖಗೊಳ್ಳುತ್ತದೆ. ದೊಡ್ಡ ನಾಟಕ ಕಂಪನಿಯೊಂದನ್ನು ದಶಕಗಳ ಕಾಲ ನಡೆಸಿದ ಮಾಲೀಕರು, ರಂಗಸಜ್ಜಿಕೆಯ ವೈಭವವನ್ನು ಹಿಂದೆಂದೂ ಕಾಣದ ಎತ್ತರಕ್ಕೆ ಒಯ್ದವರು, ಹಲವು ಪೀಳಿಗೆಯ ಕಲಾವಿದರನ್ನು ಬೆಳೆಸಿದ ಪೋಷಕರು ಎಂದು ಅವರನ್ನು ಗುರುತಿಸಲಾಗುತ್ತದೆ. ಈ ಮೂರೂ ನಿಜವೇ. ಆದರೆ ಅವರು ಮೂಲತಃ ಹಾಸ್ಯನಟರು ಎಂಬ ಸಂಗತಿ ಈ ವಿವರಗಳ ನಡುವೆ ಕೇವಲ ಒಂದು ವಿಶೇಷಣವಾಗಿ ಉಳಿದಿದೆ. ಅವರ ಬದುಕನ್ನು ಹಾಸ್ಯದ ಕಡೆಯಿಂದ ನೋಡಿದಾಗ ಮುಖ್ಯವಾದ ಪ್ರಶ್ನೆಯೊಂದು ಎದುರಾಗುತ್ತದೆ. ಕನ್ನಡ ರಂಗಭೂಮಿಯ ಅತ್ಯಂತ ಜನಪ್ರಿಯ ಹಾಸ್ಯನಟರಲ್ಲಿ ಒಬ್ಬರು, ಸ್ವತಃ ಚಲನಚಿತ್ರ ನಿರ್ಮಾಪಕರೂ ಆಗಿದ್ದವರು, ತಮ್ಮ ಹಾಸ್ಯವನ್ನು ಪರದೆಯ ಮೇಲೆ ರಂಗದ ಮೇಲಿದ್ದಷ್ಟೇ ಗಟ್ಟಿಯಾಗಿ ನೆಲೆಗೊಳಿಸಲು ಏಕೆ ಸಾಧ್ಯವಾಗಲಿಲ್ಲ? ಅವರ ಸಮಕಾಲೀನರಾದ ಅಮೆರಿಕದ ಮೂಕಿ ಹಾಸ್ಯಚಿತ್ರಕಾರರ ದಾರಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆಗೆ ಉತ್ತರ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ.

ವೀರಣ್ಣನವರು ೧೮೯೧ರಲ್ಲಿ ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದರು. ಅದಕ್ಕೆ ಏಳು ವರ್ಷ ಮೊದಲು, ೧೮೮೪ರಲ್ಲಿ, ಅದೇ ಊರಿನಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿಕೊಂಡಿತ್ತು. ಊರಿನ ದೇವರ ಹೆಸರನ್ನು ಹೊತ್ತ ಈ ಸಂಘ ಕ್ರಮೇಣ ವೃತ್ತಿಪರ ಕಂಪನಿಯಾಗಿ ಬೆಳೆಯಿತು. ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಬಾಲನಟರಾಗಿ ಅದನ್ನು ಸೇರಿದರು. ಬಾಲಪಾತ್ರ, ಸ್ತ್ರೀಪಾತ್ರಗಳಿಂದ ಮೊದಲ್ಗೊಂಡು ಹಾಸ್ಯಪಾತ್ರಗಳವರೆಗೆ ಅವರ ಶಿಕ್ಷಣವೆಲ್ಲ ನಡೆದದ್ದು ಕಂಪನಿಯ ಒಳಗೆ. ಶಾಲೆಯ ಓದಿಗಿಂತ ತಾಲೀಮು, ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುವ ಪ್ರಯಾಣ, ಪ್ರತಿ ರಾತ್ರಿ ಎದುರಾಗುವ ಪ್ರೇಕ್ಷಕ ಸಮೂಹ ಇವೇ ಅವರನ್ನು ರೂಪಿಸಿದವು.

ಅಂದಿನ ಕಂಪನಿ ನಾಟಕದಲ್ಲಿ ಹಾಸ್ಯಕ್ಕಿದ್ದ ಸ್ಥಾನವನ್ನು ಇಲ್ಲಿ ಗಮನಿಸಬೇಕು. ಮುಖ್ಯ ಕಥೆ ಪುರಾಣದಿಂದಲೋ ಅದ್ಭುತ ಕಥಾನಕದಿಂದಲೋ ಬಂದದ್ದು. ಅದರ ಪಾತ್ರಗಳು ಕಂದ, ವೃತ್ತ, ರಂಗಗೀತೆಗಳ ಮೂಲಕ ಪ್ರೌಢ ಭಾಷೆಯಲ್ಲಿ ವ್ಯವಹರಿಸುತ್ತಿದ್ದವು. ಈ ಎತ್ತರದ ಭಾಷೆಗೂ ನೆಲದ ಮೇಲೆ ಕುಳಿತ ಪ್ರೇಕ್ಷಕನ ಭಾಷೆಗೂ ನಡುವೆ ಇದ್ದ ಅಂತರವನ್ನು ತುಂಬುತ್ತಿದ್ದವನು ಹಾಸ್ಯಗಾರ. ಸಂಸ್ಕೃತ ನಾಟಕದ ವಿದೂಷಕ ಅವನಿಗೆ ದೂರದ ಪೂರ್ವಜನಾದರೆ, ತುಮಕೂರು, ಮಂಡ್ಯ, ಹಾಸನ ಭಾಗಗಳ ಮೂಡಲಪಾಯ ಯಕ್ಷಗಾನದ ಹನುಮನಾಯಕ ಹತ್ತಿರದ ಬಂಧು. ಹನುಮನಾಯಕನು ರಾಜನನ್ನು ಮಾತನಾಡಿಸಬಲ್ಲ, ಭಾಗವತನನ್ನು ಕೆಣಕಬಲ್ಲ, ಕಥೆಯಿಂದ ಹೊರಗೆ ಬಂದು ಊರಿನ ವಿಷಯ ತೆಗೆಯಬಲ್ಲ. ಕಂಪನಿ ನಾಟಕದ ಹಾಸ್ಯಗಾರನಿಗೂ ಇದೇ ಸ್ವಾತಂತ್ರ್ಯವಿತ್ತು. ಬರೆದ ನಾಟಕದಲ್ಲಿ ಅವನದು ಅರ್ಧ ಬರೆದ ಪಾತ್ರ. ಉಳಿದರ್ಧವನ್ನು ಅವನು ರಂಗದ ಮೇಲೆಯೇ ಪೂರ್ಣಗೊಳಿಸಬೇಕಾಗಿತ್ತು.

೧೯೧೭ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಈ ವರ್ಷಕ್ಕೆ ಜಗತ್ತಿನ ಇನ್ನೊಂದು ಕಡೆಯಲ್ಲಿಯೂ ಮಹತ್ವವಿದೆ. ತಂದೆತಾಯಿಯರ ವಿನೋದ ಪ್ರದರ್ಶನಗಳಲ್ಲಿ ಶಿಶುವಾಗಿದ್ದಾಗಿನಿಂದಲೇ ರಂಗವೇರಿದ್ದ ಬಸ್ಟರ್ ಕೀಟನ್ ಅದೇ ೧೯೧೭ರಲ್ಲಿ ಮೊದಲ ಬಾರಿಗೆ ಚಲನಚಿತ್ರದ ಕ್ಯಾಮೆರಾ ಎದುರಿಸಿದನು. ವೀರಣ್ಣನವರಿಗಿಂತ ಎರಡು ವರ್ಷ ಹಿರಿಯನಾದ ಚಾರ್ಲಿ ಚಾಪ್ಲಿನ್ ಲಂಡನ್ನಿನ ಮ್ಯೂಸಿಕ್ ಹಾಲ್‌ಗಳಿಂದ ಹೊರಟು, ಫ್ರೆಡ್ ಕಾರ್ನೊ ತಂಡದೊಡನೆ ಅಮೆರಿಕಕ್ಕೆ ಹೋಗಿ, ೧೯೧೪ರಲ್ಲಿ ಚಿತ್ರರಂಗ ಸೇರಿದ್ದನು. ೧೯೧೮ರ ವೇಳೆಗೆ ಅವನು ತನ್ನದೇ ಸ್ಟುಡಿಯೊ ಕಟ್ಟಿಕೊಂಡನು. ೧೯೧೯ರಲ್ಲಿ ಇತರ ಮೂವರೊಂದಿಗೆ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯ ಸ್ಥಾಪಕನಾದನು. ಈ ಮೂವರೂ ಹಾಸ್ಯನಟರು. ಮೂವರೂ ಬಾಲ್ಯದಿಂದ ರಂಗದಲ್ಲಿ ಬೆಳೆದವರು. ಮೂವರೂ ತಮ್ಮ ಕೆಲಸದ ಮೇಲೆ ತಾವೇ ಅಧಿಕಾರ ಹೊಂದಲು ಬಯಸಿದವರು. ಹಾಸ್ಯನಟನೇ ಒಡೆಯನೂ ಆಗುವುದು ಸಣ್ಣ ಸಂಗತಿಯಲ್ಲ. ನಾಯಕನಟನು ಬರೆದ ಪಾತ್ರವನ್ನು ಆಧರಿಸಿ ನಿಲ್ಲಬಲ್ಲ. ಹಾಸ್ಯನಟನಿಗೆ ಬೇಕಾಗುವುದು ಪ್ರಯೋಗ ಮಾಡುವ, ವಿಫಲವಾಗುವ, ಮತ್ತೆ ಮಾಡುವ ಅವಕಾಶ. ಆ ಅವಕಾಶವನ್ನು ಇನ್ನೊಬ್ಬರ ಹಣದಲ್ಲಿ ಪಡೆಯುವುದು ಕಷ್ಟ. ೧೯೨೮ರಲ್ಲಿ ಕೀಟನ್ ತನ್ನ ಸ್ವತಂತ್ರ ನಿರ್ಮಾಣ ವ್ಯವಸ್ಥೆಯನ್ನು ಬಿಟ್ಟು ಎಂಜಿಎಂ ಸಂಸ್ಥೆಯ ನೌಕರನಂತಾದ ಮೇಲೆ ಅವನ ಕಲೆ ಬಹುಬೇಗ ಸೊರಗಿದ್ದು ಇದಕ್ಕೆ ನಿದರ್ಶನ.

ವೀರಣ್ಣನವರ ಹಾಸ್ಯಕ್ಕೆ ಕೀರ್ತಿ ತಂದ ನಾಟಕಗಳಲ್ಲಿ ‘ಸದಾರಮೆ’ ಮುಖ್ಯವಾದುದು. ಅದರಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರ ಕನ್ನಡ ವೃತ್ತಿರಂಗಭೂಮಿಯ ನೆನಪಿನಲ್ಲಿ ಇಂದಿಗೂ ಅವರ ಹೆಸರಿಗೆ ಅಂಟಿಕೊಂಡಿದೆ. ನಾಟಕದ ಹೆಸರು ನಾಯಕಿಯದು. ಆದರೆ ಪ್ರೇಕ್ಷಕರು ಕಾಯುತ್ತಿದ್ದದ್ದು ಕಳ್ಳನಿಗಾಗಿ. ಕಥೆಯ ದೃಷ್ಟಿಯಿಂದ ಅವನು ಕೇಡಿಗ. ರಂಗದ ದೃಷ್ಟಿಯಿಂದ ಅವನು ಪ್ರೇಕ್ಷಕನ ಗೆಳೆಯ. ತಾನು ಮಾಡಲಿರುವ ಮೋಸವನ್ನು ಸಭಿಕರಿಗೆ ಮೊದಲೇ ತಿಳಿಸಿ, ಅವರನ್ನು ತನ್ನ ಪಾಲುದಾರರನ್ನಾಗಿ ಮಾಡಿಕೊಳ್ಳುವವನು. ಈ ಪಾಲುದಾರಿಕೆ ಮಾತಿನಿಂದ ಸಾಧ್ಯವಾಗುವಂಥದು. ಒಂದು ಮಾತು ಎಸೆದು, ಸಭೆಯ ಪ್ರತಿಕ್ರಿಯೆ ಕಂಡು, ಅದನ್ನು ಹಿಗ್ಗಿಸುವುದೋ ಕತ್ತರಿಸುವುದೋ ಎಂಬುದನ್ನು ನಟನು ಕ್ಷಣದಲ್ಲಿ ನಿರ್ಧರಿಸಬೇಕು.

ಈ ಹಾಸ್ಯ ಸ್ಥಳಬದ್ಧವೂ ಆಗಿತ್ತು. ಹಳೆಯ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯ ಮದ್ದೂರು, ಮಂಡ್ಯದಂಥ ಊರುಗಳಿಗೂ ದಾರಿಯಿಂದ ಒಳಗಿರುವ ಮಳವಳ್ಳಿಗೂ ನಡುವಿನ ಅಂತರ ಮೈಲಿಗಳ ಲೆಕ್ಕದಲ್ಲಿ ಹೆಚ್ಚಿನದಲ್ಲ. ಆದರೂ ಸಂತೆ ಬೇರೆ, ಜಾತ್ರೆ ಬೇರೆ, ಊರು ನಗುವ ವಿಷಯ ಬೇರೆ. ಒಂದೂರಿನಲ್ಲಿ ಸಭೆಯನ್ನು ಎಬ್ಬಿಸಿದ ಮಾತು ಮುಂದಿನ ಕ್ಯಾಂಪಿನಲ್ಲಿ ಹಾಗೆಯೇ ನಿಲ್ಲುತ್ತದೆ ಎನ್ನುವಂತಿಲ್ಲ. ಬೆಲೆಯೇರಿಕೆ, ಮಳೆಯ ಅಭಾವ, ಹೊಸದಾಗಿ ಬಂದ ಮೋಟಾರು ಇಂಥ ವಿಷಯಗಳನ್ನು ಹಾಸ್ಯಗಾರನು ಊರೂರಿಗೆ ಹೊಂದಿಸಿಕೊಳ್ಳಬೇಕಿತ್ತು. ಆದುದರಿಂದ ಕಂಪನಿ ಹಾಸ್ಯಗಾರನಿಗೆ ಸ್ಥಿರವಾದ ಪಠ್ಯವೆಂಬುದಿಲ್ಲ. ಅವನ ಪಠ್ಯ ಪ್ರತಿ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯುತ್ತದೆ.

೧೯೨೦ರ ದಶಕದಲ್ಲಿ ಕಂಪನಿಯ ಖ್ಯಾತಿ ಅರಮನೆಯನ್ನೂ ತಲುಪಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ವೀರಣ್ಣನವರನ್ನು ವರ್ಸಟೈಲ್ ಕಮೆಡಿಯನ್ ಎಂಬ ಬಿರುದಿನಿಂದ ಗೌರವಿಸಿದರು. ಬಿರುದು ಹಾಸ್ಯಕ್ಕೆ ಸಂದದ್ದು ಎಂಬುದು ಗಮನಾರ್ಹ. ಪುರಾಣನಾಯಕರ ಪಾತ್ರಗಳಿಗೆ ಮೀಸಲಾಗಿದ್ದ ಮರ್ಯಾದೆ ಹಾಸ್ಯಗಾರನಿಗೂ ದೊರೆತುದು ವೃತ್ತಿರಂಗಭೂಮಿಯ ಒಳಗಿನ ಶ್ರೇಣಿಯನ್ನು ಸ್ವಲ್ಪಮಟ್ಟಿಗಾದರೂ ಸಡಿಲಗೊಳಿಸಿತು. ಇದೇ ಕಾಲಘಟ್ಟದಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸುವ ಪದ್ಧತಿಗೆ ಕಂಪನಿಯಲ್ಲಿ ಬಲ ಬಂದಿತು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಅವರಂಥ ನಟಿಯರು ಗುಬ್ಬಿ ಕಂಪನಿಯ ಪ್ರಮುಖ ಆಕರ್ಷಣೆಯಾದರು. ತನ್ನ ಊರಿನ ಹೆಸರನ್ನೇ ರಂಗನಾಮದ ಭಾಗವಾಗಿಸಿಕೊಂಡ ಸುಂದರಮ್ಮನವರು ಮಳವಳ್ಳಿಯನ್ನು ಕನ್ನಡ ರಂಗಭೂಮಿಯ ಭೂಪಟದಲ್ಲಿ ಗುರುತಿಸುವಂತೆ ಮಾಡಿದರು. ಹಾಸ್ಯದ ದೃಷ್ಟಿಯಿಂದಲೂ ಈ ಬದಲಾವಣೆಗೆ ಅರ್ಥವಿದೆ. ಗಂಡಸೇ ಹೆಣ್ಣಾಗಿ ನಿಂತಾಗ ನಗೆಯ ಬಹುಪಾಲು ವೇಷದಿಂದ ಹುಟ್ಟುತ್ತದೆ. ಎದುರಿಗೆ ನಿಜವಾದ ನಟಿ ನಿಂತು ಮಾತಿಗೆ ಮಾತು ಕೊಟ್ಟಾಗ ನಗೆ ಸಂವಾದದಿಂದ ಹುಟ್ಟಬೇಕಾಗುತ್ತದೆ. ಮಾತಿನ ಹಾಸ್ಯ ಇನ್ನಷ್ಟು ಹರಿತವಾಗಲು ಇದು ಕಾರಣವಾಗುತ್ತದೆ.

ಇಂಥ ಮಾತಿನ ನಟರು ೧೯೩೦ರ ದಶಕದ ಆರಂಭದಲ್ಲಿ ಮೂಕಿ ಚಿತ್ರದ ನಿರ್ಮಾಣಕ್ಕೆ ಕೈಹಾಕಿದರು. ಕನ್ನಡದ ಬುದ್ಧಿಜೀವಿಗಳು, ಕಲಾವಿದರು ಚಲನಚಿತ್ರದತ್ತ ಕುತೂಹಲದಿಂದ ನೋಡುತ್ತಿದ್ದ ಕಾಲವದು. ಮೋಹನ್ ಭವನಾನಿಯವರು ನಿರ್ದೇಶಿಸಿದ ‘ಮೃಚ್ಛಕಟಿಕ’ ಮೂಕಿ ಚಿತ್ರದಲ್ಲಿ (೧೯೩೧) ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಅವರಂಥವರು ಅಭಿನಯಿಸಿದ್ದರು. ವೀರಣ್ಣನವರ ‘ಹಿಸ್ ಲವ್ ಅಫೇರ್’ ೧೯೩೧ರಲ್ಲಿ ತಯಾರಾಯಿತು. ಅದನ್ನು ನಿರ್ದೇಶಿಸಿದವನು ಬೆಲ್ಜಿಯಂ ದೇಶದ ರಫಾಯೆಲ್ ಅಲ್ಗೊಯೆಟ್. ವೀರಣ್ಣನವರೂ ಬಿ. ಜಯಮ್ಮನವರೂ ಅದರಲ್ಲಿ ಪಾತ್ರವಹಿಸಿದರು. ಮರುವರ್ಷ ‘ಹರಿಮಾಯಾ’ ಬಂದಿತು. ಅದರ ನಿರ್ದೇಶಕರು ವೈ.ವಿ. ರಾವ್. ಭಾರತದ ಬಹುಪಾಲು ಮೂಕಿ ಚಿತ್ರಗಳಂತೆ ಇವೂ ಇಂದು ನೋಡಲು ಸಿಗುವುದಿಲ್ಲ.

೧೯೩೧ ಎಂಬ ವರ್ಷವನ್ನು ಮತ್ತಷ್ಟು ಹತ್ತಿರದಿಂದ ನೋಡಬೇಕು. ಆ ವರ್ಷದ ಮಾರ್ಚ್ ೧೪ರಂದು ಮುಂಬಯಿಯಲ್ಲಿ ‘ಆಲಂ ಆರಾ’ ತೆರೆಕಂಡು ಭಾರತೀಯ ಚಿತ್ರ ಮಾತನಾಡತೊಡಗಿತು. ಅದಕ್ಕೆ ಆರು ವಾರ ಮೊದಲು, ಜನವರಿಯ ಕೊನೆಯಲ್ಲಿ, ಚಾಪ್ಲಿನ್ನನ ‘ಸಿಟಿ ಲೈಟ್ಸ್’ ಲಾಸ್ ಏಂಜಲೀಸ್‌ನಲ್ಲಿ ಬಿಡುಗಡೆಯಾಗಿತ್ತು. ಅಮೆರಿಕದಲ್ಲಿ ವಾಕ್ಚಿತ್ರ ಆಗಲೇ ಪೂರ್ಣವಾಗಿ ನೆಲೆಯೂರಿದ್ದರೂ ಚಾಪ್ಲಿನ್ ಸಂಗೀತ ಮತ್ತು ಕೆಲವು ಧ್ವನಿ ಪರಿಣಾಮಗಳನ್ನು ಮಾತ್ರ ಒಪ್ಪಿಕೊಂಡು ಮಾತನ್ನು ನಿರಾಕರಿಸಿದನು. ಅವನ ಅಲೆಮಾರಿ ಪಾತ್ರಕ್ಕೆ ಭಾಷೆ ಬಂದರೆ ಜಗತ್ತಿನ ಎಲ್ಲ ಭಾಷೆಗಳವರಿಗೂ ಸಮಾನವಾಗಿ ಸೇರಿದ್ದ ಆ ವ್ಯಕ್ತಿ ಒಂದೇ ಭಾಷೆಯವನಾಗಿ ಉಳಿಯುತ್ತಾನೆ ಎಂಬ ಅರಿವು ಆ ನಿರಾಕರಣೆಯ ಹಿಂದಿತ್ತು. ಹೀಗೆ ಒಂದೇ ವರ್ಷದಲ್ಲಿ ಇಬ್ಬರು ಒಡೆಯ-ಹಾಸ್ಯನಟರು ಮೂಕಿ ಚಿತ್ರ ನೀಡಿದರು. ಆದರೆ ಒಬ್ಬನಿಗೆ ಮೌನವು ಆಯ್ದುಕೊಂಡ ಮಾಧ್ಯಮ. ಇನ್ನೊಬ್ಬರಿಗೆ ಅದು ಅಂದಿನ ತಂತ್ರಜ್ಞಾನ ಒಡ್ಡಿದ ಮಿತಿ.

ಚಾಪ್ಲಿನ್ನನ ನಿರ್ದೇಶನ ಕ್ರಮ ಈ ವ್ಯತ್ಯಾಸವನ್ನು ವಿವರಿಸುತ್ತದೆ. ‘ಸಿಟಿ ಲೈಟ್ಸ್’ ಚಿತ್ರೀಕರಣ ೧೯೨೮ರ ಕೊನೆಯಿಂದ ಸುಮಾರು ಎರಡು ವರ್ಷ ನಡೆಯಿತು. ಅಂಧ ಹೂಮಾರುವ ಹುಡುಗಿ ಅಲೆಮಾರಿಯನ್ನು ಮೊದಲು ಸಂಧಿಸುವ ದೃಶ್ಯವನ್ನು ಅವನು ಮುನ್ನೂರಕ್ಕೂ ಹೆಚ್ಚು ಬಾರಿ ಚಿತ್ರೀಕರಿಸಿದನೆಂಬುದು ಪ್ರಸಿದ್ಧ. ಅವನ ಮುಂದಿದ್ದ ಸಮಸ್ಯೆ ಹೇಳಲು ಸರಳ: ಹುಡುಗಿಯು ಬಡ ಅಲೆಮಾರಿಯನ್ನು ಶ್ರೀಮಂತನೆಂದು ಭ್ರಮಿಸಬೇಕು, ಅದನ್ನು ಮಾತಿಲ್ಲದೆ ತಿಳಿಸಬೇಕು. ಕೊನೆಗೆ ದೊರೆತ ಪರಿಹಾರ ಒಂದು ಕಾರಿನ ಬಾಗಿಲು. ದಟ್ಟಣೆಯಲ್ಲಿ ನಿಂತ ಕಾರಿನೊಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಇಳಿಯುವ ಅಲೆಮಾರಿಯ ಹಿಂದೆ ಬಾಗಿಲು ಮುಚ್ಚುತ್ತದೆ. ಆ ಸದ್ದಿನಿಂದ ಹುಡುಗಿ ಅವನನ್ನು ಕಾರಿನ ಧಣಿಯೆಂದು ತಿಳಿಯುತ್ತಾಳೆ. ಪ್ರೇಕ್ಷಕನು ಕೇಳದ ಸದ್ದನ್ನು ಅವಳ ಮುಖದಲ್ಲಿ ನೋಡುತ್ತಾನೆ. ಇಡೀ ಚಿತ್ರದ ಕಥೆ ಈ ಒಂದು ತಪ್ಪು ಗ್ರಹಿಕೆಯ ಮೇಲೆ ನಿಂತಿದೆ. ನೂರಾರು ಸಲ ಮಾಡಿ, ಬೇಡವಾದುದನ್ನೆಲ್ಲ ಕಳೆದು, ಉಳಿದ ಒಂದನ್ನು ಶಾಶ್ವತಗೊಳಿಸುವುದು ಅವನ ವಿಧಾನ.

ಕಂಪನಿ ಹಾಸ್ಯಗಾರನೂ ನೂರಾರು ಸಲ ಮಾಡುತ್ತಾನೆ. ಆದರೆ ಅವನ ಪುನರಾವರ್ತನೆಯ ಗುರಿ ಬೇರೆ. ಚಾಪ್ಲಿನ್ನನು ಒಂದು ರೂಪವನ್ನು ತಲುಪಲು ಮತ್ತೆ ಮತ್ತೆ ಮಾಡುತ್ತಾನೆ. ವೀರಣ್ಣನವರ ಕಳ್ಳ ಒಂದೇ ರೂಪದಲ್ಲಿ ನಿಲ್ಲದಿರಲು ಮತ್ತೆ ಮತ್ತೆ ಬದಲಾಗುತ್ತಾನೆ. ಒಂದು ಕಲೆ ಪ್ರೇಕ್ಷಕನು ಬರುವ ಮೊದಲೇ ಮುಗಿದಿರುತ್ತದೆ. ಇನ್ನೊಂದು ಪ್ರೇಕ್ಷಕನು ಬಂದ ಮೇಲೆಯೇ ಆರಂಭವಾಗುತ್ತದೆ. ಕ್ಯಾಮೆರಾ ನಗುವುದಿಲ್ಲ, ಬೇಸರಿಸುವುದಿಲ್ಲ, ಮರುಮಾತು ಕೊಡುವುದಿಲ್ಲ. ಸಭೆಯ ಉಸಿರನ್ನು ಹಿಡಿದು ಮಾತನ್ನು ಬೆಳೆಸುವ ನಟನಿಗೆ ಆ ಎದುರಾಳಿಯೇ ಇಲ್ಲವಾದಾಗ ಮಾತೂ ಇಲ್ಲದ ಪರದೆ ಎರಡು ಪಟ್ಟು ಮೂಕವಾಗುತ್ತದೆ. ಮೂಕಿ ಚಿತ್ರಗಳಲ್ಲಿ ಮಾತಿನ ಬದಲಿಗೆ ಬರುತ್ತಿದ್ದ ಅಕ್ಷರಫಲಕಗಳೂ ಇಲ್ಲಿ ನೆರವಾಗುವಂತಿರಲಿಲ್ಲ. ಓದು ಬಾರದ ಬಹುಸಂಖ್ಯಾತ ಪ್ರೇಕ್ಷಕರಿಗೆ ಫಲಕವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ನಗೆಮಾತು ಹಾಗೆ ಇನ್ನೊಬ್ಬರ ಬಾಯಿಯಿಂದ, ತಡವಾಗಿ ಬಂದರೆ ನಗೆಯಾಗಿ ಉಳಿಯುವುದಿಲ್ಲ.

ಇದನ್ನು ಪ್ರತಿಭೆಯ ಕೊರತೆಯೆಂದು ತಿಳಿಯುವುದು ತಪ್ಪಾಗುತ್ತದೆ. ಚಾಪ್ಲಿನ್, ಕೀಟನ್ ಬಂದ ಹಿನ್ನೆಲೆಯಲ್ಲಿ ದೇಹವೇ ಮುಖ್ಯ ಸಾಧನವಾಗಿತ್ತು. ಬೀಳುವುದು, ಜಿಗಿಯುವುದು, ವಸ್ತುಗಳೊಡನೆ ಹೆಣಗುವುದು ಅವರ ಬಾಲ್ಯದ ಪಾಠ. ಅದನ್ನು ಕ್ಯಾಮೆರಾ ಹಾಗೆಯೇ ಹಿಡಿದುಕೊಂಡಿತು. ಕನ್ನಡ ವೃತ್ತಿರಂಗಭೂಮಿಯ ಹಾಸ್ಯಕ್ಕೆ ದೇಹದ ಬಳಕೆ ಇತ್ತಾದರೂ ಅದರ ಜೀವ ಮಾತಿನಲ್ಲಿ, ಆಡುನುಡಿಯ ತಿರುವಿನಲ್ಲಿ, ಹಾಡಿನ ಅಣಕದಲ್ಲಿ ಇತ್ತು. ಎರಡು ಪರಂಪರೆಗಳು ಒಂದೇ ಯಂತ್ರದ ಎದುರು ನಿಂತಾಗ ಯಂತ್ರವು ಒಂದಕ್ಕೆ ಒಲಿಯಿತು, ಇನ್ನೊಂದಕ್ಕೆ ಒಲಿಯಲಿಲ್ಲ.

ಕನ್ನಡ ಪರದೆಗೆ ಮಾತು ಬಂದದ್ದು ೧೯೩೪ರ ಮಾರ್ಚ್ ೩ರಂದು ತೆರೆಕಂಡ ‘ಸತಿ ಸುಲೋಚನಾ’ ಚಿತ್ರದಿಂದ. ಅದನ್ನು ನಿರ್ದೇಶಿಸಿದವರು ‘ಹರಿಮಾಯಾ’ ಮಾಡಿದ್ದ ವೈ.ವಿ. ರಾವ್ ಅವರೇ. ಸಂಭಾಷಣೆ, ಹಾಡುಗಳನ್ನು ಬರೆದವರು ಗುಬ್ಬಿ ಕಂಪನಿಗೆ ನಾಟಕಗಳನ್ನು ಒದಗಿಸಿದ್ದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ವೀರಣ್ಣನವರ ಬಳಗದಲ್ಲಿ ಬೆಳೆದ ಅನುಭವ ಹೀಗೆ ಕನ್ನಡದ ಮೊದಲ ವಾಕ್ಚಿತ್ರದಲ್ಲಿಯೂ ಸೇರಿಕೊಂಡಿತು. ಮರುವರ್ಷ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ ‘ಸದಾರಮೆ’ ಚಿತ್ರವಾಯಿತು. ಪರದೆಯ ಮೇಲೆ ವೀರಣ್ಣನವರಿಗೆ ಈಗ ಮಾತು ದೊರೆತಿತ್ತು. ಆದರೆ ದೊರೆತದ್ದು ಒಂದು ಸಲ ಆಡಿ ಮುಗಿಸಿದ ಮಾತು. ಊರೂರಿಗೆ ಬದಲಾಗುತ್ತಿದ್ದ ಕಳ್ಳ ಮದ್ದೂರಿನಲ್ಲಿಯೂ ಮಳವಳ್ಳಿಯಲ್ಲಿಯೂ ಅದೇ ಮಾತನ್ನು ಅದೇ ಧಾಟಿಯಲ್ಲಿ ಆಡಬೇಕಾಯಿತು. ಮೌನ ಕಿತ್ತುಕೊಂಡಿದ್ದನ್ನು ಧ್ವನಿ ಪೂರ್ಣವಾಗಿ ಹಿಂತಿರುಗಿಸಲಿಲ್ಲ.

ಚಿತ್ರಗಳ ಸ್ಪರ್ಧೆಗೆ ವೀರಣ್ಣನವರು ರಂಗದ ಮೇಲೆ ಕೊಟ್ಟ ಉತ್ತರ ೧೯೩೪ರ ‘ಕುರುಕ್ಷೇತ್ರ’. ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಈ ಪ್ರದರ್ಶನ ಕನ್ನಡ ರಂಗಭೂಮಿಯ ದಂತಕಥೆಯಾಯಿತು. ಇದನ್ನು ಕೇವಲ ಆಡಂಬರವೆಂದು ವಿಮರ್ಶಕರು ಬದಿಗೆ ಸರಿಸುವುದುಂಟು. ಕೀಟನ್ ೧೯೨೬ರ ‘ದಿ ಜನರಲ್’ ಚಿತ್ರಕ್ಕಾಗಿ ಉರಿಯುವ ಸೇತುವೆಯ ಮೇಲಿಂದ ನಿಜವಾದ ರೈಲು ಎಂಜಿನ್ನನ್ನು ನದಿಗೆ ಕೆಡವಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮಾದರಿ ಗೊಂಬೆಯನ್ನು ಬಳಸಿದರೆ ಪ್ರೇಕ್ಷಕ ನಂಬುವುದಿಲ್ಲ ಎಂಬುದು ಇಬ್ಬರ ನಿಲುವಿಗೂ ಸಮಾನವಾದ ಅಂಶ. ಹಾಸ್ಯದಿಂದ ಬಂದವರು ನೈಜ ವಸ್ತುವಿನ ಬಗ್ಗೆ ಇಷ್ಟು ಹಟ ಹಿಡಿದದ್ದು ಆಕಸ್ಮಿಕವಲ್ಲ. ಪ್ರೇಕ್ಷಕನ ನಂಬಿಕೆ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಹಾಸ್ಯಗಾರನಷ್ಟು ಬೇಗ ಯಾರೂ ಅರಿಯಲಾರರು. ಆದರೆ ಫಲದಲ್ಲಿ ಭೇದವಿದೆ. ಕೀಟನ್ನನ ಎಂಜಿನ್ ಒಂದೇ ಸಲ ಬಿದ್ದು ಇಂದಿಗೂ ಬೀಳುತ್ತಿದೆ. ವೀರಣ್ಣನವರ ಆನೆ ಪ್ರತಿ ರಾತ್ರಿ ರಂಗಕ್ಕೆ ಬರಬೇಕಿತ್ತು, ಹಗಲು ಅದಕ್ಕೆ ಮೇವು ಹಾಕಬೇಕಿತ್ತು.

ಆ ಬಳಿಕ ವೀರಣ್ಣನವರ ಚಿತ್ರೋದ್ಯಮ ಹೆಚ್ಚಾಗಿ ನಿರ್ಮಾಪಕರ ನೆಲೆಯಲ್ಲಿ ಮುಂದುವರಿಯಿತು. ಪಿ. ಪುಲ್ಲಯ್ಯ ನಿರ್ದೇಶನದ ‘ಸುಭದ್ರಾ’ (೧೯೪೧), ಅ.ನ.ಕೃ. ಅವರ ಬರವಣಿಗೆಯ ನೆರವು ಪಡೆದ ‘ಜೀವನ ನಾಟಕ’ (೧೯೪೨), ಅನಂತರ ‘ಹೇಮರೆಡ್ಡಿ ಮಲ್ಲಮ್ಮ’, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಗುಣಸಾಗರಿ’ (೧೯೫೩) ಮತ್ತು ‘ಬೇಡರ ಕಣ್ಣಪ್ಪ’ (೧೯೫೪) ಈ ಸಾಲಿನ ಮುಖ್ಯ ಚಿತ್ರಗಳು. ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನಟರನ್ನಾಗಿ ಕನ್ನಡ ಪರದೆಗೆ ಪರಿಚಯಿಸಿತು. ಅದೇ ಚಿತ್ರದ ಹಾಸ್ಯಪಾತ್ರದಿಂದ ನರಸಿಂಹರಾಜು ಮನೆಮಾತಾದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು.

ಇಲ್ಲಿ ವೀರಣ್ಣನವರ ಹಾಸ್ಯದ ಉತ್ತರಾಧಿಕಾರದ ಪ್ರಶ್ನೆ ಬರುತ್ತದೆ. ಮೂಕಿ ಯುಗ ಅಮೆರಿಕದ ಹಾಸ್ಯಚಿತ್ರಕ್ಕೆ ದೃಶ್ಯದ ವ್ಯಾಕರಣವನ್ನು ಕಲಿಸಿತು. ಕನ್ನಡಕ್ಕೆ ಅಂಥ ದೀರ್ಘ ಮೂಕಿ ಯುಗವೇ ಇರಲಿಲ್ಲ. ಮೌನದಲ್ಲಿ ಎರಡು ಮೂರು ವರ್ಷ ಕಳೆಯುವ ಮೊದಲೇ ಧ್ವನಿ ಬಂದಿತು. ಧ್ವನಿಯೊಡನೆ ಕಂಪನಿ ನಾಟಕದ ಮಾತು, ಹಾಡು, ನಟರು ಇಡಿಯಾಗಿ ಪರದೆಗೆ ವರ್ಗಾವಣೆಗೊಂಡರು. ಕನ್ನಡ ಚಿತ್ರಹಾಸ್ಯ ದಶಕಗಳ ಕಾಲ ಸಂಭಾಷಣೆಯನ್ನೇ ಅವಲಂಬಿಸಿದ್ದಕ್ಕೆ, ಮುಖ್ಯ ಕಥೆಗೆ ಸಮಾನಾಂತರವಾಗಿ ಸಾಗುವ ಪ್ರತ್ಯೇಕ ಹಾಸ್ಯಪ್ರಸಂಗಗಳ ರೂಪದಲ್ಲಿ ಉಳಿದಿದ್ದಕ್ಕೆ ಇದೂ ಒಂದು ಕಾರಣ. ನರಸಿಂಹರಾಜು ಅವರಲ್ಲಿ ಕೃಶವಾದ ದೇಹವೂ ಚುರುಕಾದ ಮಾತೂ ಒಟ್ಟಿಗೆ ನಗೆಯ ಸಾಧನಗಳಾದಾಗ ಎರಡು ಪರಂಪರೆಗಳು ಸಂಧಿಸುವ ಸೂಚನೆ ಕಂಡಿತು. ಹಾಸ್ಯನಟನೇ ನಿರ್ದೇಶಕನಾಗಿ, ಒಡೆಯನಾಗಿ ತನ್ನ ನಗೆಗೆ ತಕ್ಕ ಚಿತ್ರರೂಪವನ್ನು ಹುಡುಕುವ ಅವಕಾಶ ಮಾತ್ರ ಕೈತಪ್ಪಿತ್ತು. ಆ ಅವಕಾಶ ಒಬ್ಬರಿಗೆ ಇತ್ತು ಎಂದಾದರೆ ಅದು ೧೯೩೧ರ ವೀರಣ್ಣನವರಿಗೆ. ಆದರೆ ಅವರ ಹಣ, ಸಮಯ, ಜವಾಬ್ದಾರಿಗಳೆಲ್ಲ ನೂರಾರು ಜನರಿಗೆ ಆಶ್ರಯವಾಗಿದ್ದ ಕಂಪನಿಗೆ ಸೇರಿದ್ದವು. ಒಂದು ದೃಶ್ಯಕ್ಕಾಗಿ ಎರಡು ವರ್ಷ ಕಾಯುವ ಸ್ವಾತಂತ್ರ್ಯ ಪ್ರತಿ ರಾತ್ರಿ ಪರದೆ ಎತ್ತಲೇಬೇಕಾದ ಮಾಲೀಕನಿಗೆ ಇರುವುದಿಲ್ಲ.

ಉತ್ತರ ಜೀವನದಲ್ಲಿ ಅವರಿಗೆ ಗೌರವಗಳು ಸಂದವು. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ೧೯೭೨ರಲ್ಲಿ ಪದ್ಮಶ್ರೀ ದೊರೆತವು. ೧೯೬೯ರಲ್ಲಿ ಪ್ರಕಟವಾದ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂಬ ಹೆಸರಿದೆ. ಕಲೆಯನ್ನು ದೈನಂದಿನ ದುಡಿಮೆಯ ಭಾಷೆಯಲ್ಲಿ ಹೆಸರಿಸಿರುವುದು ಅವರ ಬದುಕಿನ ಕ್ರಮಕ್ಕೆ ಒಪ್ಪುವಂಥದೇ ಆಗಿದೆ. ೧೯೭೨ರ ಅಕ್ಟೋಬರ್ ೧೮ರಂದು ಅವರು ನಿಧನರಾದರು.

ವೀರಣ್ಣನವರ ಮೂಕಿ ಚಿತ್ರಗಳು ಕಾಲದಲ್ಲಿ ಕರಗಿಹೋದವು. ಯಂತ್ರವು ಉಳಿಸಬಲ್ಲದೆಂದು ನಂಬಿದ್ದೇ ಉಳಿಯಲಿಲ್ಲ. ಆದರೆ ‘ಸದಾರಮೆ’ಯ ಕಳ್ಳ ಉಳಿದನು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಮುಂದೆ ಆ ಪಾತ್ರವನ್ನು ತಾವೇ ವಹಿಸಿ, ಹೊಸ ಪ್ರೇಕ್ಷಕರ ಎದುರು ಹೊಸ ಮಾತುಗಳೊಡನೆ ಅದನ್ನು ಮತ್ತೆ ಚಲಾವಣೆಗೆ ತಂದರು. ಒಂದು ಕಾಲದಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುತ್ತಿದ್ದ ರಂಗದಲ್ಲಿ ಹೆಣ್ಣೊಬ್ಬಳು ಕಳ್ಳನಾಗಿ ನಿಂತು ಸಭೆಯನ್ನು ಗೆದ್ದದ್ದು ಆ ಪಾತ್ರದ ಜೀವಶಕ್ತಿಗೆ ಸಾಕ್ಷಿ. ರಂಗಹಾಸ್ಯದ ಚರಿತ್ರೆಯನ್ನು ಬರೆಯುವವರು ಮುದ್ರಿತ ನಾಟಕ, ಚಿತ್ರಸುರುಳಿಗಳನ್ನು ಮಾತ್ರ ಆಕರಗಳೆಂದು ಪರಿಗಣಿಸಿದರೆ ವೀರಣ್ಣನವರ ಕಲೆಯ ಬಹುಭಾಗ ಕೈಗೆ ಸಿಗುವುದಿಲ್ಲ. ನಟರಿಂದ ನಟರಿಗೆ ದಾಟಿಬಂದ ಧ್ವನಿ, ನಿಲುವು, ಮಾತಿನ 'ಹದ' ಇವನ್ನೂ ಆಕರಗಳಾಗಿ ಸಂಗ್ರಹಿಸಿ ಅಧ್ಯಯನ ಮಾಡಿದಾಗ ಮಾತ್ರ ಕನ್ನಡದ ಈ ಹಾಸ್ಯಪರಂಪರೆಯ ನಿಜವಾದ ವ್ಯಾಪ್ತಿ ತಿಳಿಯುತ್ತದೆ.